ಲಕ್ವ ಹೊಡೆದ ಬೆಳಿಗ್ಗೆ: ಕರಾವಳಿಯ ಮುಖಂಡರೊಬ್ಬರ ಕಾಯಿಲೆ ಸುದ್ದಿಯಾದ ಬಗೆ

ಒಬ್ಬ ಮುಖಂಡರು ಹಾಸಿಗೆ ಹಿಡಿದರೆ ನಮ್ಮ ಕಡೆಯ ಪತ್ರಿಕೆ, ಟಿವಿ, ವಾಟ್ಸಾಪ್ ಗ್ರೂಪುಗಳಲ್ಲಿ ಏನೇನು ಬರುತ್ತದೆ, ಏನು ಬರುವುದಿಲ್ಲ ಎಂದು ತೋರಿಸುವ ಪ್ರಕರಣ ಇದು. ನಡೆದದ್ದು ಕುಮಟಾ ಮತ್ತು ಭಟ್ಕಳದ ನಡುವಿನ ಒಂದು ಊರಲ್ಲಿ. ಶಿರಸಿಯಲ್ಲಿ ಅಚ್ಚಾಗುವ ಒಂದು ಸಣ್ಣ ದಿನಪತ್ರಿಕೆಯ ಡೆಸ್ಕಿನಲ್ಲಿ ಕೂತು ನಾನು ಇದನ್ನು ನೋಡಿದೆ. ಆ ದಿನದ ತೀರ್ಮಾನಗಳಲ್ಲಿ ನನ್ನ ಪಾಲೂ ಇತ್ತು. ಬರೆಯಲು ಮನೆಯವರು ಒಪ್ಪಿದ್ದಾರೆ. ಹೆಸರು, ಊರು, ವರ್ಷ ಮಾತ್ರ ಬೇಡ ಎಂದಿದ್ದಾರೆ. ನಮ್ಮ ಜಿಲ್ಲೆಯಲ್ಲಿ ಅಡ್ಡಹೆಸರು ಹೇಳಿದರೆ ಜಾತಿ ಹೇಳಿದ ಹಾಗೆಯೇ. ಹಾಗಾಗಿ ಬದಲಿ ಹೆಸರನ್ನೂ ಇಟ್ಟಿಲ್ಲ. ಇಲ್ಲಿ ಅವರು ಬರೀ ಮಾಜಿ ಶಾಸಕರು.

ವಯಸ್ಸು ಎಪ್ಪತ್ತರ ಹತ್ತಿರ. ಊರ ದೇವಸ್ಥಾನದ ಜೀರ್ಣೋದ್ಧಾರ ಸಮಿತಿಗೆ ಅವರೇ ಅಧ್ಯಕ್ಷರು. ಮುಂದಿನ ಚುನಾವಣೆಗೆ ಟಿಕೆಟ್ ಕೇಳುತ್ತಾರೆ ಎಂಬ ಮಾತು ಪೇಟೆಯಲ್ಲಿತ್ತು. ಧರ್ಮ, ರಾಜಕೀಯ, ಆರೋಗ್ಯ ಮೂರೂ ಒಬ್ಬರ ಮೈಮೇಲೆ ಒಂದೇ ದಿನ ಬಂದು ಕೂತರೆ ಸುದ್ದಿ ಯಾವ ಕಡೆ ಹೊರಳುತ್ತದೆ ಎಂಬುದೇ ಇಲ್ಲಿಯ ವಿಷಯ.

ಮೊದಲ ಐದು ತಾಸು

ಚೌತಿಗೆ ಇನ್ನೊಂದು ವಾರ ಇತ್ತು. ಬೆಳಿಗ್ಗೆ ಆರೂವರೆ ಸುಮಾರಿಗೆ ಅವರು ಜಗಲಿಯಲ್ಲಿ ಕೂತು ಚಾ ಕುಡಿಯುತ್ತಿದ್ದರು. ಬಲಗೈಯಲ್ಲಿದ್ದ ಕಪ್ಪು ಜಾರಿ ಬಿತ್ತು. ಹೆಂಡತಿ ಬಟ್ಟೆ ತಂದು ನೆಲ ಒರೆಸುವಾಗ ಏನೋ ಹೇಳಲು ಹೋದರು, ಮಾತು ಹೊರಡಲಿಲ್ಲ. ಬಾಯಿ ಎಡಕ್ಕೆ ಎಳೆದಿತ್ತು. ಹಿಂದಿನ ರಾತ್ರಿ ಸಭೆ ಮುಗಿಸಿ ತಡವಾಗಿ ಬಂದಿದ್ದರು. ನಿದ್ದೆಗೆಟ್ಟು ಬಿಪಿ ಏರುಪೇರಾಗಿದೆ ಎಂದುಕೊಂಡು ಮನೆಯವರು ಮಲಗಿಸಿದರು. ಮಾತ್ರೆ ಕೊಡಲು ನೋಡಿದರೆ ನೀರು ಕಟವಾಯಿಂದ ಇಳಿದು ಹೋಯಿತು. ಪಕ್ಕದ ಮನೆಯವರು ಬಂದು ಅಂಗಾಲು ತಿಕ್ಕಿದರು. ಲಕ್ವ ಇರಬೇಕು, ಬೆಳಂಬಾರಕ್ಕೆ ಕರೆದುಕೊಂಡು ಹೋಗೋಣ ಎಂದರು ಒಬ್ಬರು. ಅಂಕೋಲಾ ತಾಲೂಕಿನ ಬೆಳಂಬಾರದಲ್ಲಿ ಲಕ್ವಕ್ಕೆ ನಾಟಿ ಔಷಧ ಕೊಡುತ್ತಾರೆ. ದೂರದೂರಿಂದ ಜನ ಬರುತ್ತಾರೆ. ಲಕ್ವ ಎಂದ ಕೂಡಲೇ ಆ ಊರಿನ ಹೆಸರು ಬಾಯಿಗೆ ಬರುವುದು ನಮ್ಮಲ್ಲಿ ಸಹಜ. ಹೀಗೆ ಮಾತಾಡುತ್ತಾ ಮುಕ್ಕಾಲು ತಾಸು ಹೋಯಿತು.

ಅಳಿಯ ಬಂದು ಕಾರು ತೆಗೆದರು. ತಾಲೂಕು ಆಸ್ಪತ್ರೆಯ ವೈದ್ಯರು ನೋಡಿದ ಕೂಡಲೇ ಸ್ಟ್ರೋಕ್ ಎಂದರು. ತಲೆಯ ಸಿಟಿ ಸ್ಕ್ಯಾನ್ ಆಗಬೇಕು, ಆ ದಿನ ಅಲ್ಲಿ ಅದು ಆಗುವಂತಿರಲಿಲ್ಲ. ಬೇಕಾದ ಸೌಕರ್ಯ ಇದ್ದ ಆಂಬುಲೆನ್ಸು ಪಕ್ಕದ ತಾಲೂಕಿಂದ ಬರಬೇಕಾಯಿತು. ಎಂಟೂ ಮುಕ್ಕಾಲಿಗೆ ಗಾಡಿ ಹೊರಟಿತು. ಹೆದ್ದಾರಿ 66ರಲ್ಲಿ ದಕ್ಷಿಣಕ್ಕೆ ಮಳೆಯಲ್ಲಿ ನೂರು ಕಿಲೋಮೀಟರಿಗೂ ಜಾಸ್ತಿ ದಾರಿ. ಉಡುಪಿ ಕಡೆಯ ದೊಡ್ಡ ಆಸ್ಪತ್ರೆ ಮುಟ್ಟಿದಾಗ ಹನ್ನೊಂದೂಕಾಲು. ಸ್ಕ್ಯಾನ್ ಮುಗಿಯುವಾಗ ಹನ್ನೊಂದೂವರೆ ದಾಟಿತ್ತು.

ಈ ಗಂಟೆಗಳನ್ನು ಇಷ್ಟು ವಿವರವಾಗಿ ಬರೆಯುವುದಕ್ಕೆ ಕಾರಣವಿದೆ. ಸ್ಟ್ರೋಕಿನಲ್ಲಿ ಎರಡು ಬಗೆ. ಮಿದುಳಿನ ರಕ್ತನಾಳ ಕಟ್ಟಿಕೊಳ್ಳುವುದು ಒಂದು, ನಾಳ ಒಡೆದು ರಕ್ತ ಸೋರುವುದು ಇನ್ನೊಂದು. ಹೆಚ್ಚಿನವು ಮೊದಲ ಬಗೆಯವು. ಕಟ್ಟಿಕೊಂಡಿದ್ದರೆ ಹೆಪ್ಪು ಕರಗಿಸುವ ಇಂಜೆಕ್ಷನ್ ಇದೆ. ಶುರುವಾದ ನಾಲ್ಕೂವರೆ ತಾಸಿನ ಒಳಗೆ ಅದನ್ನು ಕೊಡಬೇಕು. ಎಷ್ಟು ಬೇಗ ಕೊಟ್ಟರೆ ಅಷ್ಟು ಒಳ್ಳೆಯದು. ರಕ್ತ ಸೋರುತ್ತಿರುವವರಿಗೆ ಅದೇ ಇಂಜೆಕ್ಷನ್ ಕೊಟ್ಟರೆ ಜೀವಕ್ಕೇ ಅಪಾಯ. ಹೊರಗಿಂದ ನೋಡಿ ಎರಡನ್ನೂ ಬೇರೆ ಮಾಡಲು ಆಗುವುದಿಲ್ಲ. ಅದಕ್ಕೇ ಮೊದಲು ಸ್ಕ್ಯಾನ್. ದೊಡ್ಡ ನಾಳ ಕಟ್ಟಿದ ಕೆಲವರಿಗೆ ರಕ್ತನಾಳದೊಳಗೆ ಸಣ್ಣ ನಳಿಗೆ (ಕ್ಯಾಥೆಟರ್) ತೂರಿಸಿ ಹೆಪ್ಪು ಎಳೆದು ತೆಗೆಯುವ ಚಿಕಿತ್ಸೆಯಿದೆ. ಆಯ್ದ ರೋಗಿಗಳಿಗೆ ಅದು 24 ತಾಸಿನವರೆಗೂ ಆಗುತ್ತದೆ. ಮಾಜಿ ಶಾಸಕರದು ಆ ಬಗೆಯದಲ್ಲ ಎಂದರು ವೈದ್ಯರು. ಇಂಜೆಕ್ಷನ್‌ನ ಗಡುವು ಹನ್ನೊಂದಕ್ಕೆ ಮುಗಿದಿತ್ತು. ಚಿಕಿತ್ಸೆ ಸಿಗದ ದೊಡ್ಡ ಸ್ಟ್ರೋಕಿನಲ್ಲಿ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶ ಸಾಯುತ್ತವೆ ಎಂದು ಲೆಕ್ಕ ಹಾಕಿದ್ದಾರೆ.

ಆ ದಿನದ ಸುದ್ದಿ ಇದು. ಕರಾವಳಿಯ ಪ್ರತಿ ಮನೆಗೂ ಬೇಕಾದ ಸುದ್ದಿ. ಸಂಜೆಯವರೆಗೆ ಇದರ ಒಂದು ಸಾಲೂ ಎಲ್ಲೂ ಬರಲಿಲ್ಲ.

ಬಂದದ್ದು ಏನು

ಮೊದಲು ಬಂದದ್ದು ಫೋಟೊ. ತಾಲೂಕು ಆಸ್ಪತ್ರೆಯ ಬಾಗಿಲಲ್ಲಿ ಸ್ಟ್ರೆಚರ್ ಇಳಿಸುವಾಗ ಯಾರೋ ಮೊಬೈಲಿನಲ್ಲಿ ತೆಗೆದದ್ದು. ಮುಖ ಸೊಟ್ಟ, ಅಂಗಿ ಬಿಚ್ಚಿದೆ, ಕಟವಾಯಲ್ಲಿ ಜೊಲ್ಲು. ಒಂಬತ್ತು ಗಂಟೆಗೆ ಅದು ಹೊನ್ನಾವರ, ಕುಮಟಾ, ಶಿರಸಿಯ ಗ್ರೂಪುಗಳನ್ನು ಸುತ್ತಿ ಮುಂಬೈಯಲ್ಲಿರುವ ಅವರ ತಮ್ಮನ ಫೋನಿಗೂ ಹೋಗಿತ್ತು. ಅಣ್ಣನಿಗೆ ಏನಾಗಿದೆ ಎಂದು ತಮ್ಮನಿಗೆ ಗೊತ್ತಾದದ್ದೇ ಆ ಫೋಟೊದಿಂದ. ಜತೆಗಿದ್ದ ಸಾಲು ‘ಹೃದಯಾಘಾತ’ ಎಂದಿತ್ತು.

ಹತ್ತು ಗಂಟೆಯ ಮೇಲೆ ದಿಕ್ಕು ಬದಲಾಯಿತು. ಹಿಂದಿನ ಸಂಜೆ ಪೊಲೀಸ್ ಠಾಣೆಯಲ್ಲಿ ಚೌತಿ ಶಾಂತಿ ಸಭೆ ನಡೆದಿತ್ತು. ಗಣಪತಿ ಬಿಡುವ ದಿನದ ಮೆರವಣಿಗೆ ಮಸೀದಿ ಮುಂದಿನ ರಸ್ತೆಯಲ್ಲಿ ಹೋಗುತ್ತದೆ. ಪ್ರಾರ್ಥನೆಯ ಹೊತ್ತು ಬಿಟ್ಟು ಆ ಜಾಗ ದಾಟೋಣ, ಡಿಜೆ ಬೇಡ, ಪಂಚವಾದ್ಯ ಸಾಕು ಎಂದು ಮಾಜಿ ಶಾಸಕರೇ ಹೇಳಿದ್ದರು. ಎರಡೂ ಕಡೆಯವರು ಒಪ್ಪಿ ಚಾ ಕುಡಿದು ಎದ್ದಿದ್ದರು. ಆದರೆ ಒಂದು ವೆಬ್ ಚಾನೆಲ್ಲು ‘ಶಾಂತಿ ಸಭೆಯಲ್ಲಿ ಬೆದರಿಕೆಯೇ ಕಾರಣ?’ ಎಂದು ಹಾಕಿತು. ಪ್ರಶ್ನೆ ಚಿಹ್ನೆ ಇದ್ದುದರಿಂದ ತಾವು ಏನನ್ನೂ ಹೇಳಿಲ್ಲ ಎಂದು ಅವರ ಲೆಕ್ಕ. ಓದುವವರಿಗೆ ಅದು ಉತ್ತರವೇ ಆಗಿತ್ತು. ಇನ್ನೊಂದು ಗುಂಪಿನಲ್ಲಿ ಇದಕ್ಕೆ ತದ್ವಿರುದ್ಧ ಓಡುತ್ತಿತ್ತು. ದೇವರ ಮೆರವಣಿಗೆಯಲ್ಲಿ ರಾಜಿ ಮಾಡಿಕೊಂಡವರಿಗೆ ದೇವರೇ ತೋರಿಸಿದ ಅಂತ. ಅವರು ಆಗ ಆಂಬುಲೆನ್ಸಿನಲ್ಲಿದ್ದರು. ಇನ್ನೂ ಉಡುಪಿ ಮುಟ್ಟಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ರಾಜಕೀಯ ಸೇರಿತು. ಯಾರಿಗೆ ಟಿಕೆಟ್, ಮಗನಿಗೋ ಅಳಿಯನಿಗೋ, ಸಮಿತಿಯ ಅಧ್ಯಕ್ಷಗಿರಿ ಯಾರಿಗೆ. ಭೇಟಿಗೆ ಹೋದವರು ಆಸ್ಪತ್ರೆಯ ಲಾಬಿಯಲ್ಲಿ ನಿಂತು ಫೋಟೊ ಕಳಿಸಿದರು. ಐಸಿಯು ಒಳಗೆ ಯಾರನ್ನೂ ಬಿಟ್ಟಿರಲಿಲ್ಲ. ಆದರೂ ‘ಆರೋಗ್ಯ ವಿಚಾರಿಸಿದರು’ ಎಂದು ಪ್ರೆಸ್‌ನೋಟು ಬಂತು. ದೇವಸ್ಥಾನದಲ್ಲಿ ಮೃತ್ಯುಂಜಯ ಹೋಮ ಎಂದು ಒಂದು, ಮೀನುಗಾರರ ಸಂಘದಿಂದ ಪೂಜೆ ಎಂದು ಒಂದು. ಮಸೀದಿಯಲ್ಲಿ ದುವಾ, ಚರ್ಚಿನಲ್ಲಿ ಪ್ರಾರ್ಥನೆ ನಡೆದದ್ದೂ ನಮ್ಮ ವರದಿಗಾರನಿಗೆ ಗೊತ್ತಾಯಿತು. ಅವರು ಪ್ರೆಸ್‌ನೋಟು ಕಳಿಸಿರಲಿಲ್ಲ, ಅಷ್ಟೇ.

ಸಂಜೆ ಐದಕ್ಕೆ ‘ಇನ್ನಿಲ್ಲ’ ಎಂಬ ಪೋಸ್ಟು. ದೀಪದ ಚಿತ್ರ, ಹಾರ ಹಾಕಿದ ಫೋಟೊ. ಪೇಟೆಯ ಫ್ಲೆಕ್ಸ್ ಅಂಗಡಿಯವರು ನಮ್ಮ ವರದಿಗಾರನಿಗೆ ಫೋನ್ ಮಾಡಿದರು. ಶ್ರದ್ಧಾಂಜಲಿ ಬ್ಯಾನರಿಗೆ ಆರ್ಡರ್ ಬಂದಿದೆ, ಪ್ರಿಂಟ್ ಕೊಡಲೋ ಬೇಡವೋ ಎಂದು ಕೇಳಲು. ಆ ಅಂಗಡಿಯವರ ಬಗ್ಗೆ ನನಗೆ ಬಹಳ ಗೌರವವಿದೆ. ಆ ಇಡೀ ದಿನ, ಖಾತ್ರಿ ಮಾಡಿಕೊಳ್ಳೋಣ ಎಂದು ಫೋನ್ ಎತ್ತಿದ ಮೊದಲಿಗರು ಅವರು.

ಡೆಸ್ಕಿನಲ್ಲಿ

ನಮ್ಮ ಪುಟ ಹೋಗುವುದು ರಾತ್ರಿ ಹತ್ತೂವರೆಗೆ. ಎಂಟು ಗಂಟೆಗೆ ಮೇಜಿನ ಮೇಲೆ ಇದ್ದವು ಹೋಮದ ಫೋಟೊ, ಭೇಟಿಯ ಫೋಟೊ, ಮೂರು ಪಕ್ಷಗಳ ಹಾರೈಕೆ. ಕಾಯಿಲೆ ಯಾವುದು ಎಂದು ಹೇಳುವ ಕಾಗದ ಒಂದೂ ಇರಲಿಲ್ಲ.

ಆಸ್ಪತ್ರೆಗೆ ಕೇಳಿದೆವು, ಅವರು ಹೇಳಲಿಲ್ಲ. ಹೇಳಬಾರದು ಕೂಡ. ವೈದ್ಯರ ವೃತ್ತಿ ನಡತೆಯ 2002ರ ನಿಯಮಗಳ ಪ್ರಕಾರ ರೋಗಿಯ ಗುಟ್ಟು ಕಾಯುವುದು ಅವರ ಕರ್ತವ್ಯ. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದಿತು. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಶಾಸಕರಾಗಿದ್ದವರಿಗೂ ಈ ಹಕ್ಕು ಇದೆ. ಚುನಾವಣೆಗೆ ನಿಲ್ಲುವಾಗ ಅಫಿಡವಿಟ್‌ನಲ್ಲಿ ಆಸ್ತಿ, ಸಾಲ, ಕ್ರಿಮಿನಲ್ ಕೇಸು, ಓದು ಎಲ್ಲ ಬರೆಯಬೇಕು. ಆರೋಗ್ಯದ ಕಾಲಮ್ಮು ಅದರಲ್ಲಿ ಇಲ್ಲ.

ಉಳಿದದ್ದು ಮನೆಯವರು. ಮಾಜಿ ಶಾಸಕರ ಮಗಳು ಹೈಸ್ಕೂಲಿನಲ್ಲಿ ಅಕ್ಕೋರು, ಅಂದರೆ ಟೀಚರು. ನಮ್ಮ ಕರಾವಳಿ ವರದಿಗಾರ ಅವರ ಕೈಯಲ್ಲೇ ಓದಿದವನು. ಫೋನ್ ಮಾಡುವಾಗ ಸ್ಪೀಕರ್ ಹಾಕಿದ್ದ, ನಾವು ಕೇಳುತ್ತೇವೆ ಎಂದು ಅವರಿಗೆ ಮೊದಲೇ ಹೇಳಿಯೇ.

“ಅಕ್ಕೋರೇ, ಸುಮ್ನೆ ತೊಂದರೆ ಕೊಡ್ತಾ ಇಲ್ಲ. ನೀವು ಬೇಡ ಅಂದ್ರೆ ಕಾಯಿಲೆ ಹೆಸರೂ ಬರೆಯೋದಿಲ್ಲ.”

“ಬೆಳಗಿಂದ ಎಷ್ಟು ಜನ ಫೋನ್ ಮಾಡಿದ್ರು ತಮಾ. ಅಪ್ಪ ಹೋದ್ರಾ ಅಂತ ಕೇಳಿದೋರೇ ಜಾಸ್ತಿ. ಏನು ಕಾಯಿಲೆ ಅಂತ ನೀನೇ ಮೊದಲು ಕೇಳ್ತಾ ಇರೋದು.”

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಅವರೇ ಬೆಳಗಿಂದ ನಡೆದದ್ದನ್ನು ಹೇಳುತ್ತಾ ಹೋದರು. ಕಪ್ಪು ಜಾರಿದ್ದು, ಅಂಗಾಲು ತಿಕ್ಕಿದ್ದು, ಆಂಬುಲೆನ್ಸು ಕಾದದ್ದು. ಕೊನೆಗೆ, “ಎಲ್ಲ ಬರಿ. ಗಂಟೆ ಸಮೇತ ಬರಿ. ನಾಲ್ಕೂವರೆ ತಾಸು ಅಂತ ನಂಗೇ ಗೊತ್ತಿರಲಿಲ್ಲ, ನಾನು ಮಕ್ಕಳಿಗೆ ವಿಜ್ಞಾನ ಕಲಿಸೋಳು. ಆ ಫೋಟೊ ಮಾತ್ರ ಹಾಕಬೇಡಿ” ಎಂದರು. ತಂದೆಗೆ ಎಚ್ಚರವಿತ್ತು, ಮಾತು ಮಾತ್ರ ಬರುತ್ತಿರಲಿಲ್ಲ. ಮರುದಿನ ಬೆಳಿಗ್ಗೆ ಅಕ್ಕೋರು ಪತ್ರಿಕೆಯನ್ನು ಅವರ ಮುಂದೆ ಹಿಡಿದು ಓದಿದ್ದಾರೆ. ಅವರು ಎಡಗೈ ಎತ್ತಿ ಸರಿ ಎಂದರಂತೆ.

ಈ ಒಪ್ಪಿಗೆ ಇಲ್ಲದಿದ್ದರೆ ನಾವು ‘ಅನಾರೋಗ್ಯ, ಚಿಕಿತ್ಸೆ ನಡೆದಿದೆ’ ಎಂದಷ್ಟೇ ಹಾಕುತ್ತಿದ್ದೆವು. ಅದರಲ್ಲಿ ನನಗೆ ಅನುಮಾನವಿಲ್ಲ. ಸಾರ್ವಜನಿಕ ಹಿತ ಎಂಬ ಮಾತನ್ನು ಹಿಡಿದುಕೊಂಡು ಒಬ್ಬರ ಕೇಸ್‌ಶೀಟು ತೆರೆಯಲು ನಮಗೆ ಅಧಿಕಾರವಿಲ್ಲ. ಅಧಿಕಾರದಲ್ಲಿರುವ ಮಂತ್ರಿಯ ವಿಷಯ ಬೇರೆ. ಅವರು ಕಡತಕ್ಕೆ ಸಹಿ ಹಾಕುವ ಸ್ಥಿತಿಯಲ್ಲಿ ಇದ್ದಾರೋ ಇಲ್ಲವೋ ಎಂದು ಕೇಳುವ ಹಕ್ಕು ಜನರಿಗಿದೆ. ಇವರು ಯಾವ ಹುದ್ದೆಯಲ್ಲೂ ಇರಲಿಲ್ಲ. ಟಿಕೆಟ್ಟಿನ ಮಾತು ಬರೀ ಮಾತಾಗಿತ್ತು. ಹಾಗಾಗಿ ಮುಂದಿನ ಅಭ್ಯರ್ಥಿ ಯಾರು ಎಂಬ ಬರಹವನ್ನು ನಮ್ಮ ರಾಜಕೀಯ ವರದಿಗಾರ ಕಳಿಸಿದ್ದರೂ ಎತ್ತಿಟ್ಟೆವು.

ಹೆಚ್ಚು ಚರ್ಚೆಯಾದದ್ದು ಬೆದರಿಕೆಯ ವದಂತಿಯ ಬಗ್ಗೆ. ‘ಬೆದರಿಕೆ ಸುಳ್ಳು’ ಎಂದು ತಲೆಬರಹ ಕೊಟ್ಟರೆ ಆ ವದಂತಿ ಕೇಳದವರಿಗೂ ನಾವೇ ಮುಟ್ಟಿಸಿದಂತೆ. ಬಿಟ್ಟೇ ಬಿಟ್ಟರೆ ಅದು ಹಾಗೇ ಓಡುತ್ತದೆ. ಚೌತಿ ಬೇರೆ ಎದುರಿಗಿದೆ. 2017ರ ಡಿಸೆಂಬರ್ ಈ ಜಿಲ್ಲೆಯಲ್ಲಿ ಯಾರಿಗೆ ಮರೆತಿದೆ? ಹೊನ್ನಾವರದ ಕೆರೆಯಲ್ಲಿ ಯುವಕನೊಬ್ಬನ ಶವ ಸಿಕ್ಕಿತು. ಸಾವಿನ ರೀತಿಯ ಬಗ್ಗೆ ಹಬ್ಬಿದ ಮಾತುಗಳಿಂದ ಕುಮಟಾ, ಶಿರಸಿಯವರೆಗೆ ಕಲ್ಲು, ಬೆಂಕಿ. ಮರಣೋತ್ತರ ಪರೀಕ್ಷೆಯ ವೈದ್ಯರ ಉತ್ತರಗಳನ್ನು ಪೊಲೀಸರು ಬಿಡುಗಡೆ ಮಾಡಿದರೂ ಅವುಗಳನ್ನು ಕೇಳುವವರಿರಲಿಲ್ಲ. ಸಿಬಿಐ ತನಿಖೆ ಮುಗಿಸಿ ಅದು ಆಕಸ್ಮಿಕ ಸಾವು ಎಂದು ಹೊನ್ನಾವರದ ಕೋರ್ಟಿಗೆ ವರದಿ ಕೊಟ್ಟದ್ದು 2022ರಲ್ಲಿ. ಮಧ್ಯದ ಆ ವರ್ಷಗಳಲ್ಲಿ ಊರುಗಳು ಏನನ್ನು ನಂಬಿಕೊಂಡು ಬದುಕಿದವು ಎಂದು ಯೋಚಿಸಿದರೆ ನನಗೆ ಈಗಲೂ ಹೊಟ್ಟೆ ತೊಳಸುತ್ತದೆ.

ಆದ್ದರಿಂದ ನಾವು ವದಂತಿಯ ಹೆಸರು ಎತ್ತದೆ ಶಾಂತಿ ಸಭೆಯ ವರದಿಯನ್ನೇ ಪೂರ್ತಿಯಾಗಿ ಹಾಕಿದೆವು. ಎಷ್ಟು ಹೊತ್ತಿಗೆ ಶುರುವಾಯಿತು, ಯಾರು ಏನು ಹೇಳಿದರು, ಏನು ಒಪ್ಪಿಗೆಯಾಯಿತು, ಮಾಜಿ ಶಾಸಕರು ಎಷ್ಟು ಗಂಟೆಗೆ ಮನೆಗೆ ಹೋದರು. ಅದು ಹಿಂದಿನ ದಿನವೇ ಬರಬೇಕಾಗಿದ್ದ ವರದಿ, ಜಾಗವಿಲ್ಲದೆ ಉಳಿದಿತ್ತು. ಅದರ ಪಕ್ಕದಲ್ಲೇ ಕಾಯಿಲೆಯ ಸುದ್ದಿ: ಬೆಳಿಗ್ಗೆ ಆರೂವರೆಗೆ ಸ್ಟ್ರೋಕ್, ಬಲಗೈ ಬಲಗಾಲು ಮಾತಿಗೆ ತೊಂದರೆ, ಜೀವಕ್ಕೆ ಸದ್ಯ ಅಪಾಯವಿಲ್ಲ ಎಂದು ವೈದ್ಯರು ಮನೆಯವರಿಗೆ ತಿಳಿಸಿದ್ದಾರೆ, ಕುಟುಂಬದ ಅನುಮತಿಯಿಂದ ಈ ವಿವರ ಪ್ರಕಟಿಸಲಾಗಿದೆ. ಕೆಳಗೆ ಒಂದು ಬಾಕ್ಸು. ಮುಖ ಒಂದು ಕಡೆ ಎಳೆದರೆ, ಎರಡೂ ಕೈ ಎತ್ತಿದಾಗ ಒಂದು ಇಳಿದರೆ, ಮಾತು ತೊದಲಿದರೆ ಗಡಿಯಾರ ನೋಡಿ, ನೀರು ಮಾತ್ರೆ ಏನೂ ಬಾಯಿಗೆ ಹಾಕಬೇಡಿ, ಸ್ಕ್ಯಾನ್ ಇರುವ ಆಸ್ಪತ್ರೆಗೆ ಹೊರಡಿ. ನಾಟಿ ಔಷಧದ ಮೇಲೆ ನಂಬಿಕೆ ಇದ್ದವರೂ ಮೊದಲ ತಾಸುಗಳನ್ನು ಆಸ್ಪತ್ರೆಗೆ ಕೊಡಿ ಎಂಬ ಸಾಲನ್ನು ಸೇರಿಸಿದ್ದು ಅಕ್ಕೋರು ಹೇಳಿದ ಮೇಲೆ.

ಹೋಮ, ದುವಾ, ಚರ್ಚಿನ ಪ್ರಾರ್ಥನೆ, ಮೀನುಗಾರರ ಪೂಜೆ ಎಲ್ಲವನ್ನೂ ಸೇರಿಸಿ ಒಂದೇ ಸುದ್ದಿ ಮಾಡಿ ಒಳಪುಟದಲ್ಲಿ ಹಾಕಿದೆವು. ಪ್ರಾರ್ಥನೆ ಸುದ್ದಿಯಲ್ಲ ಎಂದು ಯಾರೂ ಹೇಳಲಿಲ್ಲ. ಒಬ್ಬ ಮನುಷ್ಯನಿಗಾಗಿ ನಾಲ್ಕು ಕಡೆ ಕೈ ಮುಗಿದರು ಎಂಬುದು ಆ ಊರಿನ ನಿಜ, ಅದು ಅಚ್ಚಾಗಬೇಕು. ಆದರೆ ಮುಖಪುಟದಲ್ಲಿ ಹೋಮದ ಹೊಗೆ ತುಂಬಿದ ಫೋಟೊ ಹಾಕಿ ಕೆಳಗೆ ‘ಸ್ಥಿತಿ ಚಿಂತಾಜನಕ’ ಎಂದರೆ ಓದುಗರಿಗೆ ಏನು ಸಿಕ್ಕಿತು? ಭಯ ಸಿಕ್ಕಿತು. ಅವರ ಮನೆಯಲ್ಲಿ ನಾಳೆ ಯಾರದಾದರೂ ಕಪ್ಪು ಜಾರಿದರೆ ಏನು ಮಾಡಬೇಕೆಂದು ತಿಳಿಯಲಿಲ್ಲ.

ದೊಡ್ಡವರ ಪ್ರಕರಣಗಳಿಂದ

ಆ ರಾತ್ರಿ ಡೆಸ್ಕಿನಲ್ಲಿ ಹಳೆಯ ಪ್ರಕರಣಗಳ ಮಾತು ಬಂತು. ಜಯಲಲಿತಾ 2016ರ ಸೆಪ್ಟೆಂಬರ್ 22ರಂದು ಚೆನ್ನೈಯಲ್ಲಿ ಆಸ್ಪತ್ರೆ ಸೇರಿದಾಗ ಹೊರಗೆ ಹೇಳಿದ್ದು ಜ್ವರ ಮತ್ತು ನಿರ್ಜಲೀಕರಣ. ಆಮೇಲೆ 75 ದಿನ. ಅವರು ಆಗ ಮುಖ್ಯಮಂತ್ರಿ. ಜನರಿಗೆ ಸಿಕ್ಕಿದ್ದು ಆಗೊಂದು ಈಗೊಂದು ಪ್ರಕಟಣೆ ಮತ್ತು ಆಸ್ಪತ್ರೆ ಮುಂದಿನ ಪೂಜೆಗಳ ದೃಶ್ಯ. ವದಂತಿ ಹಬ್ಬಿಸಿದರೆಂದು ಕೆಲವರ ಬಂಧನವೂ ಆಯಿತು. ಡಿಸೆಂಬರ್ 5ರ ಸಂಜೆ ಕೆಲವು ತಮಿಳು ಚಾನೆಲ್ಲುಗಳು ನಿಧನ ಎಂದೇ ಹೇಳಿಬಿಟ್ಟವು. ಪಕ್ಷದ ಕಚೇರಿಯ ಬಾವುಟ ಅರ್ಧಕ್ಕೆ ಇಳಿದು ಮತ್ತೆ ಮೇಲೇರಿತು. ಆಸ್ಪತ್ರೆ ನಿರಾಕರಿಸಿತು. ಅಧಿಕೃತ ಪ್ರಕಟಣೆಯ ಪ್ರಕಾರ ಸಾವು ರಾತ್ರಿ ಹನ್ನೊಂದೂವರೆಗೆ. ಆ ಗೊಂದಲದ ಬಾಲ ಎಷ್ಟು ಉದ್ದ ಇತ್ತೆಂದರೆ ಸಾವಿನ ಬಗ್ಗೆ ನೇಮಿಸಿದ ನ್ಯಾಯಮೂರ್ತಿ ಆರುಮುಗಸ್ವಾಮಿ ಆಯೋಗ ವರದಿ ಕೊಟ್ಟದ್ದು 2022ರ ಆಗಸ್ಟಿನಲ್ಲಿ.

ನಮ್ಮದೇ ರಾಜ್ಯದ ಅನಂತಕುಮಾರ್ ಕೇಂದ್ರ ಮಂತ್ರಿಯಾಗಿರುವಾಗಲೇ 2018ರ ನವೆಂಬರ್ 12ರಂದು ಶ್ವಾಸಕೋಶದ ಕ್ಯಾನ್ಸರಿನಿಂದ ತೀರಿಕೊಂಡರು. ಅವರ ಕಾಯಿಲೆ ಇಂಥದ್ದು ಎಂದು ಹೆಚ್ಚಿನ ಜನರಿಗೆ ತಿಳಿದದ್ದು ತೀರಾ ಕೊನೆಗೆ. ಇಂಥಲ್ಲಿ ಮನೆಯವರ ಮೌನ ನನಗೆ ಅರ್ಥವಾಗುತ್ತದೆ. ಸರ್ಕಾರದ ಮೌನ ಅರ್ಥವಾಗುವುದಿಲ್ಲ.

ಪೇಜಾವರದ ವಿಶ್ವೇಶತೀರ್ಥ ಸ್ವಾಮೀಜಿಯವರ ವಿಷಯದಲ್ಲಿ ಬೇರೆಯೇ ಆಯಿತು. ಉಸಿರಾಟದ ತೊಂದರೆಯಿಂದ 2019ರ ಡಿಸೆಂಬರ್ 20ರಂದು ಮಣಿಪಾಲದ ಆಸ್ಪತ್ರೆ ಸೇರಿದರು. ಸ್ಥಿತಿ ಹೇಗಿದೆ ಎಂದು ಆಸ್ಪತ್ರೆಯೇ ಪ್ರಕಟಣೆ ಕೊಡುತ್ತಿತ್ತು. 29ರ ಬೆಳಿಗ್ಗೆ, ಮಠದಲ್ಲೇ ಕೊನೆಯುಸಿರು ಎಳೆಯಬೇಕೆಂಬ ಅವರ ಇಚ್ಛೆಯಂತೆ ಉಡುಪಿಗೆ ಕರೆತಂದರು, ಅಂದೇ ತೀರಿಕೊಂಡರು. ಲಕ್ಷಾಂತರ ಭಕ್ತರಿದ್ದ, ರಾಜಕೀಯದಲ್ಲೂ ಮಾತು ನಡೆಯುತ್ತಿದ್ದ ಯತಿಗಳು. ಆದರೂ ಆ ದಿನಗಳು ತಕ್ಕಮಟ್ಟಿಗೆ ಶಾಂತವಾಗಿ ಕಳೆದವು. ಏಕೆಂದರೆ ದಿನವೂ ಒಂದು ಖಚಿತ ಮಾತು ಸಿಗುತ್ತಿತ್ತು.

ಸಿದ್ಧಗಂಗಾ ಶ್ರೀಗಳಿಗೆ 2018ರ ಡಿಸೆಂಬರಿನಲ್ಲಿ ಚೆನ್ನೈಯಲ್ಲಿ ಶಸ್ತ್ರಚಿಕಿತ್ಸೆ ಮಾಡಿದವರು ಡಾ. ಮೊಹಮ್ಮದ್ ರೇಲಾ. 111 ವರ್ಷದ ಸ್ವಾಮೀಜಿ ಮರುವರ್ಷ ಜನವರಿ 21ರಂದು ಲಿಂಗೈಕ್ಯರಾದಾಗ, ಮಠದ ಮಕ್ಕಳ ಊಟ ಮುಗಿದ ಮೇಲೆಯೇ ಸುದ್ದಿ ತಿಳಿಸಬೇಕು ಎಂಬುದು ಅವರ ಇಚ್ಛೆಯಾಗಿತ್ತು ಎಂದು ಆಗ ಎಲ್ಲ ಕಡೆ ವರದಿಯಾಗಿತ್ತು. ಅದಕ್ಕೂ ಮೊದಲು ಅವರ ಬಗ್ಗೆ ಸುಳ್ಳು ಸುದ್ದಿ ಹಬ್ಬಿಸಿದವರಲ್ಲಿ ಯಾರಿಗೂ ಆ ಮಕ್ಕಳ ನೆನಪು ಬಂದಿರಲಿಕ್ಕಿಲ್ಲ.

ಬಿಟ್ಟುಹೋಗುವ ಪ್ರಶ್ನೆ

ನಮ್ಮ ಜಿಲ್ಲೆಯ ಮುಖಂಡರ ಕಾಯಿಲೆಯ ಸುದ್ದಿಗಳನ್ನು ತೆಗೆದು ನೋಡಿ. ಎಲ್ಲದರಲ್ಲೂ ಒಂದು ಸಾಲು ಇರುತ್ತದೆ: ‘ಹೆಚ್ಚಿನ ಚಿಕಿತ್ಸೆಗಾಗಿ ಮಣಿಪಾಲಕ್ಕೆ’, ಇಲ್ಲವೇ ಮಂಗಳೂರಿಗೆ, ಹುಬ್ಬಳ್ಳಿಗೆ, ಬೆಂಗಳೂರಿಗೆ. ಕಾರವಾರದವರಾದರೆ ಗೋವಾದ ಬಾಂಬೋಳಿಗೆ. ಈ ಸಾಲನ್ನು ನಾವು ಎಷ್ಟು ಸಲ ಟೈಪ್ ಮಾಡಿದ್ದೇವೆ ಎಂದರೆ ಅದು ಸುದ್ದಿ ಅಂತ ಅನ್ನಿಸುವುದೇ ಇಲ್ಲ. ಕಾರವಾರದಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜು ಬಂದಿದೆ. ಆದರೂ ತಲೆಗೋ ಎದೆಗೋ ದೊಡ್ಡ ಪೆಟ್ಟಾದರೆ ಜನ ಜಿಲ್ಲೆ ದಾಟಿ ಓಡುವುದು ನಿಂತಿಲ್ಲ.

2022ರ ಜುಲೈ 20ರಂದು ಹೊನ್ನಾವರದಿಂದ ಕುಂದಾಪುರಕ್ಕೆ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸು ಶಿರೂರು ಟೋಲ್‌ಗೇಟಿನಲ್ಲಿ ಮಳೆಗೆ ಜಾರಿ ಅಪ್ಪಳಿಸಿತು. ಅಂಕೋಲಾದ ಶಿರೂರಲ್ಲ, ಬೈಂದೂರಿನ ಈಚೆಗಿರುವ ಶಿರೂರು. ರೋಗಿ ಸೇರಿ ನಾಲ್ವರು ಹೋದರು. ಟೋಲ್‌ನ ಸಿಸಿಟಿವಿ ದೃಶ್ಯವನ್ನು ದೇಶದ ಚಾನೆಲ್ಲುಗಳೆಲ್ಲ ತಿರುಗಿಸಿ ತಿರುಗಿಸಿ ತೋರಿಸಿದವು. ಬ್ಯಾರಿಕೇಡು ತೆಗೆಯಲು ಓಡಿದ ಸಿಬ್ಬಂದಿ, ನೀರಿನ ಮೇಲೆ ತಿರುಗಿದ ಗಾಡಿ. ರೋಗಿಯನ್ನು ಜಿಲ್ಲೆಯ ಹೊರಗೆ ಯಾಕೆ ಒಯ್ಯಬೇಕಾಗಿತ್ತು ಎಂದು ಕೇಳಿದ್ದು ಚಾನೆಲ್ಲುಗಳಲ್ಲ, ಇಲ್ಲಿನ ಹುಡುಗರು. ಮಲ್ಟಿಸ್ಪೆಷಾಲಿಟಿ ಆಸ್ಪತ್ರೆ ಬೇಕು ಎಂಬ ಕೂಗು ಜಾಲತಾಣದಲ್ಲೂ ಬೀದಿಯಲ್ಲೂ ಮತ್ತೆ ಜೋರಾಗಿ ಎದ್ದದ್ದು ಆಗಲೇ. ಆ ಕೂಗಿಗೆ ಜಾತಿ ಇರಲಿಲ್ಲ, ಧರ್ಮ ಇರಲಿಲ್ಲ, ಎಲ್ಲ ಪಕ್ಷದವರೂ ಅದರಲ್ಲಿದ್ದರು. ಬಹುಶಃ ಅದಕ್ಕೇ ಅದು ಟಿವಿ ಚರ್ಚೆಗೆ ಒದಗಲಿಲ್ಲ.

ಮಾಜಿ ಶಾಸಕರ ಪ್ರಕರಣದಲ್ಲಿ ಇದೇ ಪ್ರಶ್ನೆ ಮತ್ತೆ ಎದುರಾಗಿತ್ತು. ಶಾಸಕರಾಗಿದ್ದವರಿಗೇ ಐದು ತಾಸು ಹಿಡಿಯಿತು ಎಂದರೆ ದೋಣಿ ಕೆಲಸದವರಿಗೆ, ಘಟ್ಟದ ಮೇಲಿನ ತೋಟದ ಕೂಲಿಯವರಿಗೆ ಎಷ್ಟು ಹಿಡಿಯುತ್ತದೆ? ಬೆದರಿಕೆ, ಶಾಪ, ಟಿಕೆಟ್ಟು ಎಂದು ಮಾತಾಡಿದ ಯಾರೂ ಅವರನ್ನೇ ಕೇಳಬಹುದಾಗಿದ್ದ ಈ ಮಾತನ್ನು ಕೇಳಲಿಲ್ಲ: ನೀವು ಶಾಸಕರಾಗಿದ್ದಾಗ ಆ ಆಸ್ಪತ್ರೆಗೆ ಸ್ಕ್ಯಾನ್ ಯಾಕೆ ಬರಲಿಲ್ಲ? ನಾವು ಅದನ್ನೂ ಬರೆದೆವು, ನಾಲ್ಕು ದಿನ ಬಿಟ್ಟು, ಅವರ ಸ್ಥಿತಿ ಸುಧಾರಿಸಿದ ಮೇಲೆ. ಅಕ್ಕೋರಿಗೆ ಮೊದಲೇ ತಿಳಿಸಿದೆವು. “ಅಪ್ಪನ ಬಗ್ಗೆ ಕಠಿಣ ಇದೆ ತಮಾ, ಆದ್ರೆ ಸುಳ್ಳಿಲ್ಲ” ಎಂದರು.

ಆಮೇಲೆ

ಪ್ರತಿಕ್ರಿಯೆ ಸುಲಭದ್ದಾಗಿರಲಿಲ್ಲ. ಹೋಮದ ಫೋಟೊ ಮುಖಪುಟಕ್ಕೆ ಬರಲಿಲ್ಲ ಎಂದು ಸಮಿತಿಯ ಕೆಲವರು ಬೇಸರ ಮಾಡಿಕೊಂಡರು. ಒಂದು ವಾರ್ಡಿನಲ್ಲಿ ಪತ್ರಿಕೆ ಹಂಚುವ ಹುಡುಗನ ಕೈಗೆ ಅವತ್ತಿನ ಪೇಪರು ವಾಪಸ್ ಬಂತು. ದುವಾದ ಸುದ್ದಿ ಹಾಕಿದ್ದಕ್ಕೆ ಇಬ್ಬರು ಫೋನಿನಲ್ಲಿ ಕೂಗಾಡಿದರು. ಪೇಪರಿನ ಖಾಯಂ ಜಾಹೀರಾತುದಾರರೊಬ್ಬರು ಮುಖಂಡರ ಕಾಯಿಲೆಯ ನಡುವೆ ಆಸ್ಪತ್ರೆಯ ಕೊರತೆ ಎತ್ತುವುದು ಸಂಸ್ಕಾರವಲ್ಲ ಎಂದರು. ಅವರ ಮಾತಿನಲ್ಲಿ ಒಂದು ತೂಕವಿತ್ತು. ನೋವಿನ ಮನೆಗೆ ಲೆಕ್ಕ ಕೇಳಲು ಹೋಗಬಾರದು ಎಂದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಆದರೆ ಆ ಲೆಕ್ಕ ಎತ್ತಲು ಹೇಳಿದ್ದು ನೋವಿನ ಮನೆಯವರೇ. ಇನ್ನು, ಆ ಪ್ರಶ್ನೆಗೆ ನೋವಿಲ್ಲದ ಹೊತ್ತು ಯಾವಾಗ ಬರುತ್ತದೆ?

ವೆಬ್ ಚಾನೆಲ್ಲಿನವರು ಪೋಸ್ಟನ್ನು ಮರುದಿನ ಸುಮ್ಮನೆ ತೆಗೆದರು, ವಿಷಾದದ ಸಾಲು ಹಾಕಲಿಲ್ಲ. ಗಣಪತಿ ಬಿಡುವ ಮೆರವಣಿಗೆ ಸಭೆಯಲ್ಲಿ ಮಾತಾದ ಹೊತ್ತಿಗೇ ಮಸೀದಿ ರಸ್ತೆ ದಾಟಿತು. ಶ್ರದ್ಧಾಂಜಲಿ ಬ್ಯಾನರಿನ ಆರ್ಡರು ಕೊಟ್ಟವರು ಯಾರು ಎಂದು ಫ್ಲೆಕ್ಸ್ ಅಂಗಡಿಯವರು ಯಾರಿಗೂ ಹೇಳಿಲ್ಲ.

ಮಾಜಿ ಶಾಸಕರು ಬದುಕಿದ್ದಾರೆ. ಬಲಗಾಲು ಎಳೆಯುತ್ತಾರೆ, ಬಲಗೈ ಇನ್ನೂ ಮಡಚಿಕೊಂಡಿದೆ. ಮಾತು ಅರ್ಧ ಬಂದಿದೆ. ಸ್ಪೀಚ್ ಥೆರಪಿಗೆ ವಾರಕ್ಕೊಮ್ಮೆ ಅದೇ ಹೆದ್ದಾರಿಯಲ್ಲಿ ದಕ್ಷಿಣಕ್ಕೆ ಹೋಗಿ ಬರಬೇಕು. ಟಿಕೆಟ್ಟಿನ ಮಾತು ಮುಗಿದಿದೆ, ಅದನ್ನು ಅವರೇ ಕಾರ್ಯಕರ್ತರಿಗೆ ಹೇಳಿಸಿದರು.

ಬಾಕ್ಸು ಬಂದ ದಿನದಿಂದ ನಮ್ಮ ಕಚೇರಿಗೆ ಬೇರೆ ಬಗೆಯ ಫೋನುಗಳು ಬಂದವು. ಯಲ್ಲಾಪುರದಿಂದ, ಸಿದ್ದಾಪುರದಿಂದ, ಗೋಕರ್ಣದ ಕಡೆಯಿಂದ. ಎಲ್ಲರೂ ಕೇಳಿದ್ದು ಹೆಚ್ಚುಕಡಿಮೆ ಒಂದೇ. ನಮ್ಮ ಹತ್ತಿರ ಸಿಟಿ ಸ್ಕ್ಯಾನ್ ಎಲ್ಲಿದೆ, ರಾತ್ರಿ ಅದನ್ನು ನಡೆಸುವವರು ಇರುತ್ತಾರಾ, ಹೆಪ್ಪು ಕರಗಿಸುವ ಇಂಜೆಕ್ಷನ್ ಅಲ್ಲೇ ಕೊಡ್ತಾರಾ, ಭಾನುವಾರ ಏನು ಗತಿ. ವರದಿಗಾರರು ತಾಲೂಕು ತಾಲೂಕಿನಲ್ಲಿ ಕೇಳಿ, ಆಸ್ಪತ್ರೆಗಳಿಂದ ಬರವಣಿಗೆಯಲ್ಲಿ ಉತ್ತರ ಪಡೆದು ಒಂದು ಪಟ್ಟಿ ಮಾಡಿದರು. ಮಷಿನ್ ಇದೆ ಎಂಬುದು ಒಂದು ಕಾಲಮ್ಮು, ರಾತ್ರಿ ನಡೆಯುತ್ತದೆಯೇ ಎಂಬುದು ಇನ್ನೊಂದು. ಎರಡನೆಯದರಲ್ಲಿ ಖಾಲಿ ಜಾಗ ಜಾಸ್ತಿ ಇತ್ತು. ಖಾಲಿಯನ್ನು ಖಾಲಿಯಾಗಿಯೇ ಅಚ್ಚು ಹಾಕಿದೆವು. ಈಗ ಪ್ರತಿ ತಿಂಗಳ ಮೊದಲ ಸೋಮವಾರ ಆ ಪಟ್ಟಿಯನ್ನು ಮತ್ತೆ ವಿಚಾರಿಸಿ, ತಿದ್ದಿ ಹಾಕುತ್ತೇವೆ.